ಕೆಡ್ಡಸ ಮುಗಿಯದ ಅಂಗಳ

ನಾವಿರುವ ವಿಲ್ಲಾ ಕಾಲನಿಯಲ್ಲಿ ಮನುಷ್ಯರು ಹೇಗಿದ್ದರೂ ನಡೆಯುತ್ತದೆ, ಹುಲ್ಲು ಮಾತ್ರ ಶಿಸ್ತಿನಲ್ಲಿರಬೇಕು. ದುಬೈಯ ಅಂಚಿನಲ್ಲಿ, ಇನ್ನು ಸ್ವಲ್ಪ ಮುಂದೆ ಹೋದರೆ ಬರೀ ಮರಳು ಎನ್ನುವಲ್ಲಿ, ಒಂದೇ ಬಣ್ಣದ ಒಂದೇ ಆಕಾರದ ಮನೆಗಳು ಸಾಲಾಗಿ ನಿಂತಿವೆ. ಪ್ರತಿ ಮನೆಯ ಮುಂದೆ ಒಂದು ತುಂಡು ಲಾನ್. ಅದನ್ನು ವಾರಕ್ಕೊಮ್ಮೆ ಕತ್ತರಿಸಬೇಕು, ಅಂಚು ಸವರಬೇಕು, ಕಳೆ ಕೀಳಬೇಕು. ಬಾಡಿಗೆ ಕರಾರಿಗೆ ಸಹಿ ಹಾಕುವಾಗ ಇದನ್ನೆಲ್ಲ ಯಾರು ಓದುತ್ತಾರೆ? ನಾವೂ ಓದಿರಲಿಲ್ಲ. ಹಸಿರು ಕಂಡಿತು, ಸಹಿ ಹಾಕಿದೆವು.

ಅದಕ್ಕೆ ಮೊದಲು ನಮ್ಮದು ದುಬೈ ಪೇಟೆಯ ನಡುವೆ ಅಲ್ ಮುರಕ್ಕಬಾತ್‌ನಲ್ಲಿ ಒಂದು ಬೆಡ್‌ರೂಮಿನ ಫ್ಲ್ಯಾಟು. ಮದುವೆಯಾಗಿ ಉಡುಪಿಯಿಂದ ಬಂದು ಇಳಿದದ್ದೇ ಅಲ್ಲಿ. ಕಿಟಕಿ ತೆರೆದರೆ ಕೆಳಗಿನ ಹೋಟೆಲಿನ ಸುಟ್ಟ ಕೋಳಿಯ ಹೊಗೆ, ಮುಚ್ಚಿದರೆ ಏಸಿಯ ಗೊರಗೊರ. ನನಗೆ ಅದರಿಂದ ತೊಂದರೆಯೇನೂ ಇರಲಿಲ್ಲ. ಊದ್ ಮೇಥಾದ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ, ಮಕ್ಕಳ ಗಲಾಟೆಯಲ್ಲಿ ದಿನ ಕಳೆಯುತ್ತಿತ್ತು. ಬಹಳ ವರ್ಷ ಕಾದು, ಇನ್ನು ಸಾಕು ಎಂದು ಇಬ್ಬರೂ ಬಾಯಿಬಿಟ್ಟು ಹೇಳದೆ ಒಪ್ಪಿಕೊಂಡಿದ್ದಾಗ ನಾನು ಬಸುರಿಯಾದೆ. ಆಗ ವಿಲ್ಲಾ ಹುಡುಕಲು ಹೊರಟವರು ನನ್ನ ಗಂಡ. ಅವರ ಆಫೀಸು ಜುಮೇರಾ ಲೇಕ್ ಟವರ್ಸ್‌ನಲ್ಲಿ. ಅಲ್ಲಿಂದ ಈ ಮನೆಗೆ ದಿನಾ ಓಡಾಡುವುದು ಎಷ್ಟು ದೂರವಾಗುತ್ತದೆ ಎಂದು ನಾನು ಹೇಳಿದರೆ ಕೇಳಲಿಲ್ಲ.

"ಮಗು ಮೊದಲ ಹೆಜ್ಜೆ ಟೈಲ್ಸಿನ ಮೇಲೆ ಇಡುವುದು ಬೇಡ ಮಾರಾಯ್ತಿ," ಎಂದರು. "ಇಲ್ಲಿ ಹುಲ್ಲು ಉಂಟು, ಮಣ್ಣು ಉಂಟು. ಬಿದ್ದರೂ ಪೆಟ್ಟಾಗುವುದಿಲ್ಲ."

ನಾವು ಮನೆಯಲ್ಲಿ ಆಡುವುದು ತುಳು. ಅದನ್ನು ನಮ್ಮ ಕಡೆಯ ಕನ್ನಡದಲ್ಲಿ ಬರೆಯುತ್ತಿದ್ದೇನೆ. ತುಳುವಿನಲ್ಲಿ ಆ ಮಾತು ಇನ್ನೂ ಮೆತ್ತಗಿತ್ತು.

ಎಂಟನೆಯ ತಿಂಗಳಿನಲ್ಲಿ ಒಂದು ಬೆಳಿಗ್ಗೆ ರಕ್ತ ಹೋಗಲು ಶುರುವಾಯಿತು. ಆಸ್ಪತ್ರೆಯವರು ಮಾಡಬೇಕಾದದ್ದನ್ನೆಲ್ಲ ಮಾಡಿದರು. ಮಗು ಉಳಿಯಲಿಲ್ಲ. ನಾನು ಉಳಿಯಬೇಕಾದರೆ ಗರ್ಭಕೋಶ ತೆಗೆಯಲೇಬೇಕಿತ್ತು, ತೆಗೆದರು. ಯಾರದೂ ತಪ್ಪಿಲ್ಲ ಎಂದು ಡಾಕ್ಟರು ಹೇಳಿದರು, ಗಂಡ ಹೇಳಿದರು, ಊರಿನಿಂದ ಫೋನು ಮಾಡಿದವರೆಲ್ಲ ಹೇಳಿದರು. ಯಾರದೂ ತಪ್ಪಿಲ್ಲ ಎಂದಾದರೆ ನಾನು ಯಾರ ಮೇಲೆ ಸಿಟ್ಟು ಮಾಡಲಿ? ಅಷ್ಟು ದೊಡ್ಡ ಸಿಟ್ಟು, ಅದನ್ನು ತೀರಿಸಿಕೊಳ್ಳಲು ಒಬ್ಬ ಮನುಷ್ಯ ಕೂಡ ಇರಲಿಲ್ಲ.

ಎಳೆಮಕ್ಕಳನ್ನು ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತಾರೆ. ನಾನು ಇನ್ನೂ ಆಸ್ಪತ್ರೆಯ ಹಾಸಿಗೆಯಲ್ಲಿದ್ದಾಗ ಗಂಡ ಆಫೀಸಿನ ಇಬ್ಬರನ್ನು ಕರೆದುಕೊಂಡು ಹೋಗಿ ಆ ಕೆಲಸ ಮುಗಿಸಿ ಬಂದರು. ಹೆಣ್ಣುಮಗು. ಬಟ್ಟೆಯಲ್ಲಿ ಸುತ್ತಿದ್ದನ್ನು ತೋಳಿನಲ್ಲಿ ಹಿಡಿದು ಕಾರಿನ ಹಿಂದಿನ ಸೀಟಿನಲ್ಲಿ ಕೂತು ಹೋದರಂತೆ. ಆ ಜಾಗವನ್ನು ನಾನು ನೋಡಿಲ್ಲ. ಹೇಗಿದೆ ಎಂದು ಒಮ್ಮೆ ಕೇಳಿದೆ. "ಮರಳು," ಎಂದರು. ಆಮೇಲೆ ಕೇಳಲಿಲ್ಲ.

ಮನೆಗೆ ಬಂದ ಮೇಲೆ ಜನ ಬಂದರು. ನಮ್ಮ ಊರಿನವರು ಇಲ್ಲಿ ಬೇಕಾದಷ್ಟು ಇದ್ದಾರೆ, ಕಷ್ಟಕ್ಕೆ ಆಗುವವರೇ, ಅದನ್ನು ಅಲ್ಲಗಳೆಯುವುದಿಲ್ಲ. ಡಬ್ಬಿಗಳಲ್ಲಿ ಗಂಜಿ, ಚಟ್ನಿ, ಬಾಣಂತಿ ಲೇಹ್ಯ ತಂದರು. ಮಗುವಿಲ್ಲದ ಬಾಣಂತಿಗೂ ಲೇಹ್ಯ ಕೊಡಬೇಕು ಎಂದು ಆಗಲೇ ನನಗೆ ಗೊತ್ತಾದದ್ದು. ಇನ್ನೊಂದು ಆಗುತ್ತದೆ ಬಿಡು ಎಂದು ಹೇಳುವ ಹಾಗಿರಲಿಲ್ಲವಾದ್ದರಿಂದ ಅವರಿಗೆ ಮಾತು ಹುಡುಕುವುದು ಕಷ್ಟವಾಗುತ್ತಿತ್ತು. ಒಬ್ಬಾಕೆಯಂತೂ, ಪಾಪ, ಏನಾದರೂ ಒಳ್ಳೆಯದು ಹೇಳಬೇಕಲ್ಲ ಎಂದು ತಡಕಾಡಿ, "ತಿಂಗಳು ತಿಂಗಳು ಆ ರಗಳೆ ಒಂದು ಇಲ್ಲ ಇನ್ನು," ಎಂದಳು. ನಾನು ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಕೂತೆ. ಅವಳು ಹೋಗುವವರೆಗೂ ಹೊರಗೆ ಬರಲಿಲ್ಲ.

ಬಂದವರಲ್ಲಿ ಮತ್ತೆ ಮತ್ತೆ ಬಂದವರು ಅಕ್ಕ. ಒಡಹುಟ್ಟಿದವರಲ್ಲ. ನಮ್ಮ ಹಿಂದಿನ ಸಾಲಿನ ವಿಲ್ಲಾದಲ್ಲಿರುವವರು, ಕಾಪು ಕಡೆಯವರು, ನನಗಿಂತ ಸುಮಾರು ದೊಡ್ಡವರು. ಮಕ್ಕಳು ಓದಲು ದೂರ ಹೋಗಿದ್ದಾರೆ, ಗಂಡನಿಗೆ ವ್ಯಾಪಾರ. ಬರುವಾಗ ಏನಾದರೂ ತರುತ್ತಿದ್ದರು, ಬಂದು ಟೀವಿಯ ಮುಂದೆ ನನ್ನ ಪಕ್ಕ ಕೂತು ಬಟಾಣಿ ಸುಲಿಯುತ್ತಿದ್ದರು. ಸಮಾಧಾನ ಹೇಳುತ್ತಿರಲಿಲ್ಲ. ಅದಕ್ಕೇ ನಾನು ಅವರಿಗೆ ಬಾಗಿಲು ತೆರೆಯುತ್ತಿದ್ದೆ.

ಫೆಬ್ರವರಿಯಲ್ಲಿ ಮಳೆ ಬಂತು. ಇಲ್ಲಿ ಮಳೆ ಬಂದರೆ ಶಾಲೆಗೆ ರಜೆ, ರಸ್ತೆಯಲ್ಲಿ ನೀರು, ಎಲ್ಲರ ಫೋನಿನಲ್ಲೂ ಅದರದೇ ವಿಡಿಯೋ. ಲಾನ್ ಕತ್ತರಿಸುವವನು ಮಳೆಯ ಕಾರಣಕ್ಕೆ ಒಂದು ಸಲ ತಪ್ಪಿಸಿದ. ಮಳೆ ನಿಂತು ಒಳ್ಳೆಯ ಬಿಸಿಲು ಬಿದ್ದ ಮೇಲೆ ಒಂದು ಬೆಳಿಗ್ಗೆ ಅಕ್ಕ ಸ್ಟೀಲ್ ಡಬ್ಬಿ ಹಿಡಿದುಕೊಂಡು ಬಂದರು. ಮುಚ್ಚಳ ತೆಗೆಯುವ ಮೊದಲೇ ಹುರಿದ ಅಕ್ಕಿಯ, ಬೆಲ್ಲದ ವಾಸನೆ ಬಂತು. ನನ್ಯೆರಿ. ಕುಚ್ಚಲಕ್ಕಿ ಹುರಿದು ಪುಡಿಮಾಡಿ ಬೆಲ್ಲ, ತೆಂಗಿನಕಾಯಿ ಕಲಸಿದ್ದು.

"ಇವತ್ತಿನಿಂದ ಕೆಡ್ಡಸ ಅಲ್ವಾ," ಎಂದರು. "ನಿನಗೆ ಎಲ್ಲಿ ನೆನಪಿರ್ತದೆ. ಮಿಕ್ಸಿಯಲ್ಲಿ ಮಾಡಿದ್ದು, ಕುಟ್ಟಿದ್ದಲ್ಲ, ತಿನ್ನು."

ಕೆಡ್ಡಸ ತುಳುನಾಡಿನ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಆ ಮೂರು ದಿನ ಭೂಮಿ ಮುಟ್ಟಾಗುತ್ತಾಳೆ. ಹಾಗಾಗಿ ಯಾರೂ ನೆಲ ಅಗೆಯಬಾರದು, ಉಳಬಾರದು, ಹಸಿರು ಕಡಿಯಬಾರದು. ಅವಳಿಗೆ ನೋವಾಗುತ್ತದೆ. ಮೂರನೆಯ ದಿನ ಮನೆಯ ಹೆಂಗಸರು ಅಂಗಳ ಸಾರಿಸಿ, ಅರಸಿನ ಕುಂಕುಮ, ಸೀಗೆ, ಅರೆದ ಹೆಸರುಕಾಳು, ವೀಳ್ಯ, ಬಾಚಣಿಗೆ, ಕನ್ನಡಿ ಇಟ್ಟು, ನೆಲಕ್ಕೆ ಎಣ್ಣೆ ಹೊಯ್ದು ನೀರೆರೆಯುತ್ತಾರೆ. ಭೂಮಿ ಮಿಂದಳು ಎಂದಾದ ಮೇಲೆ ಹಾರೆ, ಕತ್ತಿ ಮತ್ತೆ ಕೈಗೆ ಬರುತ್ತವೆ.

ಸಣ್ಣವಳಿದ್ದಾಗ ನನಗೆ ಇದರ ಬಗ್ಗೆ ವಿಪರೀತ ಕುತೂಹಲ. ಕೆಡ್ಡಸದ ದಿನ ಅಗೆದರೆ ರಕ್ತ ಬರುತ್ತದೆ ಎಂದು ಅಜ್ಜಿ ಹೇಳಿದ್ದರು. ನೋಡಿಯೇ ಬಿಡುವ ಎಂದು ಬಾವಿಕಟ್ಟೆಯ ಹಿಂದೆ ಕೂತು ಒಂದು ಮುರಿದ ಸೌಟಿನಲ್ಲಿ ಕೆದಕಿದೆ. ಕೆಂಪು ಮಣ್ಣು ಬಂತು. ನಮ್ಮ ಕಡೆ ಮಣ್ಣೇ ಕೆಂಪು, ಅದು ರಕ್ತವೋ ಮಣ್ಣೋ ಎಂದು ತಿಳಿಯುವ ಮೊದಲೇ ಬೆನ್ನಿಗೆ ಏಟು ಬಿತ್ತು. ಆಮೇಲೆ ಅಜ್ಜಿಯೇ ಆ ಗುಂಡಿಯನ್ನು ಅಂಗೈಯಿಂದ ಮುಚ್ಚಿ, ಅಲ್ಲಿ ಸ್ವಲ್ಪ ಹೊತ್ತು ಕೈಯಿಟ್ಟುಕೊಂಡು ಕೂತಿದ್ದರು.

ಅಕ್ಕ ಹೊರಡುತ್ತಿದ್ದಾಗ ಲಾನಿನವನು ಯಂತ್ರ ತಳ್ಳಿಕೊಂಡು ಬಂದ. ಅಕ್ಕ ಗಾಬರಿಯಾಗಿ ನನ್ನ ಕಡೆ ನೋಡಿದರು. ನಾನು ಹೊರಗೆ ಹೋಗಿ, "ಭೈಯ್ಯಾ, ತೀನ್ ದಿನ್ ನಹೀ," ಎಂದೆ. ಅವನು ಬಾಂಗ್ಲಾದವನು, ಅವನದೂ ನನ್ನದೂ ಹಿಂದಿ ಒಂದೇ ಮಟ್ಟದ್ದು. ಯಾಕೆ ಎಂದು ಕೇಳಿದ. ಭೂಮಿಯ ಮುಟ್ಟಿನ ವಿಷಯವನ್ನು ಹಿಂದಿಯಲ್ಲಿ ಹೇಳುವುದು ಹೇಗೆ? ಪೂಜೆ ಎಂದೆ. ಅವನು ತಲೆಯಾಡಿಸಿ ಪಕ್ಕದ ಮನೆಗೆ ಹೋದ.

ಆ ದಿನ ಮೊದಲ ಸಲ ಲಾನನ್ನು ಸರಿಯಾಗಿ ನೋಡಿದೆ. ಮಳೆಗೆ ಹುಲ್ಲಿನ ನಡುವೆ ಏನೇನೋ ಎದ್ದಿತ್ತು. ನೆಲಕ್ಕೆ ಅಂಟಿಕೊಂಡು ಹುಳಿಸೊಪ್ಪು, ಅದರ ಹಳದಿ ಹೂ. ಗೋಳಿಸೊಪ್ಪು. ಉದ್ದ ದೇಟಿನ ತುದಿಯಲ್ಲಿ ಬಿಳಿ ಎಸಳು, ಹಳದಿ ನಡುವಿನ ಒಂದು ಸಣ್ಣ ಹೂ. ಊರಿನಲ್ಲಿ ರಸ್ತೆ ಬದಿಗೆ ಅದು ಎಷ್ಟು ಬೇಕಾದರೂ ಇರುತ್ತದೆ, ಗಾಯಕ್ಕೆ ಅದರ ಎಲೆಯ ರಸ ಹಿಂಡುತ್ತಿದ್ದೆವು. ಇಲ್ಲಿಗೆ ಹೇಗೆ ಬಂತೋ. ಇನ್ನೊಂದು ನೇರಳೆ ಗೆರೆಯ ಹೂ, ಅದನ್ನು ನಾನು ಯಾವತ್ತೂ ಕಂಡಿರಲಿಲ್ಲ, ಈ ಮರಳಿನದೇ ಇರಬೇಕು. ಯಾರೂ ಬಿತ್ತಿರಲಿಲ್ಲ. ಯಾರೂ ಕಾದಿರಲಿಲ್ಲ. ಬೇಡವಾದ ಕಡೆ ಹೇಗೆ ಸಲೀಸಾಗಿ ಹುಟ್ಟುತ್ತವೆ ನೋಡು ಎಂದು ಹೊಟ್ಟೆ ಉರಿಯಿತು. ಆದರೂ ಮೆಟ್ಟಿಲ ಮೇಲೆ ಕೂತು ನೋಡುತ್ತಲೇ ಇದ್ದೆ.

ಮೂರನೆಯ ದಿನ ಅಕ್ಕ ಫೋನಿನಲ್ಲಿ ನೆನಪಿಸಿದರು. ನಾನು ಎಲ್ಲ ಜೋಡಿಸಿದೆ. ತಟ್ಟೆಯಲ್ಲಿ ಅರಸಿನ, ಕುಂಕುಮ, ಸೀಗೆಪುಡಿ, ಹೆಸರುಹಿಟ್ಟು. ಬಾಚಣಿಗೆ. ಹ್ಯಾಂಡ್‌ಬ್ಯಾಗಿನ ಸಣ್ಣ ಕನ್ನಡಿ. ಗಿಂಡಿಯಲ್ಲಿ ತೆಂಗಿನೆಣ್ಣೆ. ಲಾನಿನ ಅಂಚಿನಲ್ಲಿ ಮಂಡಿಯೂರಿ ಕೂತೆ. ಎಣ್ಣೆಯ ಗಿಂಡಿ ಎತ್ತಿದೆ.

ಕೈ ಬಗ್ಗಲಿಲ್ಲ. ಅದು ಹೀಗೆ: ಎಣ್ಣೆ ಹೊಯ್ದರೆ ಭೂಮಿಯ ಮುಟ್ಟು ಮುಗಿಯಿತು. ಮುಗಿದರೆ, ಮುಂದಿನ ವರ್ಷ ಅವಳಿಗೆ ಮತ್ತೆ ಬರುತ್ತದೆ. ನನಗೆ ಬರುವುದಿಲ್ಲ. ಹನ್ನೆರಡನೆಯ ವಯಸ್ಸಿನಿಂದ ಪ್ರತಿ ತಿಂಗಳೂ ಶಪಿಸಿದ್ದು, ಮದುವೆಯಾದ ಮೇಲೆ ಪ್ರತಿ ತಿಂಗಳೂ ಬಾರದಿರಲಿ ಎಂದು ಹರಕೆ ಹೊತ್ತದ್ದು, ಈಗ ನಿಂತೇ ಹೋಗಿದೆ. ಅದು ನಿಂತದ್ದಕ್ಕೆ ಯಾರೂ ನನ್ನ ತಲೆಗೆ ಎಣ್ಣೆ ಇಡಲಿಲ್ಲ, ನೀರೆರೆಯಲಿಲ್ಲ. ಒಂದು ಕಾಗದದ ಮೇಲೆ ಸಹಿ ತೆಗೆದುಕೊಂಡರು, ಅಷ್ಟೇ. ಭೂಮಿಯನ್ನು ಮೀಯಿಸಿ ಎಬ್ಬಿಸಿ ಕೂರಿಸುವ ಕೆಲಸ ನನ್ನಿಂದಾಗದು ಎನ್ನಿಸಿತು. ಇರಲಿ, ಅವಳೂ ಸ್ವಲ್ಪ ದಿನ ಹೀಗೇ ಇರಲಿ. ತಟ್ಟೆ ಒಳಗೆ ತಂದು ದೇವರ ಕಪಾಟಿನ ಕೆಳಗಿಟ್ಟೆ.

ಎಣ್ಣೆ ಹೊಯ್ಯದ ಮೇಲೆ ಕೆಡ್ಡಸ ಮುಗಿಯಲಿಲ್ಲ. ಕೆಡ್ಡಸ ಮುಗಿಯದೆ ಹುಲ್ಲು ಕತ್ತರಿಸುವ ಹಾಗಿಲ್ಲ. ಲಾನಿನವನು ಬಂದಾಗಲೆಲ್ಲ ಇವತ್ತು ಬೇಡ ಎಂದೆ. ಅವನಿಗೂ ಕೆಲಸ ಕಡಿಮೆಯಾಯಿತು, ಹೆಚ್ಚು ಕೇಳಲಿಲ್ಲ.

ನಾನು ಇನ್ನೊಂದು ಮಾತು ಸ್ಪಷ್ಟ ಮಾಡಬೇಕು. ಆಮೇಲೆ ಕೆಲವರು, ಪಾಪ ಅವಳು ಅಲ್ಲಿ ಮಗುವನ್ನು ಕಾಣುತ್ತಿದ್ದಳು ಎಂದೆಲ್ಲ ಆಡಿಕೊಂಡರು. ನಾನು ಅಷ್ಟು ಹುಚ್ಚಿಯಲ್ಲ. ಕಳೆ ಕಳೆಯೇ, ಮಗು ಮಗುವೇ. ನನಗೆ ಬೇಕಿದ್ದದ್ದು ಇಷ್ಟೇ: ನಮ್ಮ ಮನೆಯ ಮುಂದೆ ಯಾವುದನ್ನೂ ಯಾರೂ ಮುಗಿಸಬಾರದು. ಏಪ್ರಿಲ್ ಕಳೆದು ಬಿಸಿಲು ಏರಿದರೆ ಅವು ತಾವಾಗಿಯೇ ಒಣಗಿ ಉದುರುತ್ತವೆ. ಆಗ ನಾನು ಎಣ್ಣೆ ಹೊಯ್ಯುತ್ತೇನೆ ಎಂದುಕೊಂಡಿದ್ದೆ. ಯಾರೂ ಕೈಹಾಕದೆ ಒಂದಾದರೂ ತನ್ನಷ್ಟಕ್ಕೆ ಕೊನೆಯಾಗುವುದನ್ನು ನೋಡಬೇಕಿತ್ತು ನನಗೆ.

ಮಾರ್ಚ್ ಹೊತ್ತಿಗೆ ಹೂಗಳು ಮೊಣಕಾಲಿಗೆ ಬಂದವು. ಬೆಳಿಗ್ಗೆ ಸ್ಪ್ರಿಂಕ್ಲರ್ ನಿಂತ ಮೇಲೆ ಸಣ್ಣ ಸಣ್ಣ ಜೇನುಹುಳಗಳು ಬರುತ್ತಿದ್ದವು. ಈ ಕಾಂಕ್ರೀಟಿನಲ್ಲಿ ಅವು ಎಲ್ಲಿ ಗೂಡು ಕಟ್ಟಿದ್ದವೋ. ಬಿಳಿ ಹೂ ಬಲಿತು ಹತ್ತಿಯಂಥ ಬೀಜವಾಗಿ ಎದುರು ಮನೆಯ ಲಾನಿಗೆ ಹಾರಿತು. ಅಲ್ಲಿಂದ ತಕರಾರು ಶುರುವಾಯಿತು.

ಎದುರು ಮನೆಯಾಕೆ ಯಾವ ದೇಶದವಳೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಾಯಿ ಹಿಡಿದು ಹೋಗುವಾಗ ಯಾವಾಗಲೂ ನಗುತ್ತಿದ್ದಳು. ನಗುತ್ತಲೇ ನಮ್ಮ ಅಂಗಳದ ಫೋಟೋ ತೆಗೆದು ಕಾಲನಿಯ ವಾಟ್ಸ್ಯಾಪ್ ಗುಂಪಿಗೆ ಹಾಕಿದಳು, ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದು ಕೇಳಿ. ಕ್ಷೇಮ ಕೇಳಿದ್ದು ನನ್ನದಲ್ಲ, ಲಾನಿನದು ಎಂದು ಕೆಳಗಿನ ಉತ್ತರಗಳಿಂದ ತಿಳಿಯಿತು. ಹಾವು ಬರಬಹುದು ಎಂದ ಒಬ್ಬ. ಬಾಡಿಗೆ ಬೀಳಬಹುದು ಎಂದ ಇನ್ನೊಬ್ಬ. ಮಕ್ಕಳಿಗೆ ಅಲರ್ಜಿ ಎಂದು ಒಬ್ಬ ತಾಯಿ. ಕೆಮ್ಮುವ ಮಕ್ಕಳಾದರೂ ಇದ್ದಾರಲ್ಲ ನಿನಗೆ ಎಂದು ಬೆರಳು ತುದಿಗೆ ಬಂದಿತ್ತು. ಬರೆಯದೆ ಫೋನು ಕವುಚಿಟ್ಟೆ.

ಆಮೇಲೆ ಕಾಲನಿಯ ಆಫೀಸಿನಿಂದ ಎಚ್ಚರಿಕೆ ಬಂತು. ಅದು ಹೋದದ್ದು ಮನೆಯ ಮಾಲೀಕನಿಗೆ, ಮಾಲೀಕ ಫೋನು ಮಾಡಿದ್ದು ನನ್ನ ಗಂಡನಿಗೆ. ಹುಲ್ಲು ಸರಿಮಾಡಿಸದಿದ್ದರೆ ದಂಡ, ಅದೂ ಸಾಲದಿದ್ದರೆ ಕರಾರು ಮುಂದುವರಿಸುವ ಬಗ್ಗೆ ಯೋಚಿಸಬೇಕಾಗುತ್ತದೆ ಎಂದನಂತೆ. ಅವರು ಸಂಜೆ ಮನೆಗೆ ಬಂದವರು ಬೂಟು ಬಿಚ್ಚದೆ ಸೋಫಾದಲ್ಲಿ ಕೂತರು.

"ಎಂತ ಮಾಡುವ ಹೇಳು," ಎಂದರು.

"ಬಿಸಿಲು ಬರಲಿ. ತನ್ನಷ್ಟಕ್ಕೆ ಒಣಗ್ತದೆ."

"ಅವರು ಬಿಸಿಲು ಬರುವವರೆಗೆ ಕಾಯುವುದಿಲ್ಲ ಮಾರಾಯ್ತಿ. ಒಂದು ಹುಲ್ಲು ಅದು. ಒಂದು ಹುಲ್ಲಿಗೋಸ್ಕರ ಮನೆ ಬಿಡುವುದಾ?"

"ಹುಲ್ಲಿಗೋಸ್ಕರವೇ ಬಂದದ್ದಲ್ವಾ ನೀವು ಈ ಮನೆಗೆ?"

ಹೇಳಬಾರದಿತ್ತು ಎಂದು ನನಗೆ ಅನ್ನಿಸಲಿಲ್ಲ. ಅವರ ಮುಖ ನೋಡಿದ ಮೇಲೂ ಅನ್ನಿಸಲಿಲ್ಲ. ಅವರು ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದರು.

"ನಿನಗೆ ಯಾವುದೂ ಮುಗಿಯುವುದು ಬೇಡ," ಎಂದರು, ನೆಲ ನೋಡುತ್ತ. "ನನಗೆ ಒಂದು ದಿನ ಮುಗಿಯಬೇಕು. ಬೆಳಿಗ್ಗೆ ಕಾರಿಗೆ ಹೋಗುವಾಗ ಅದನ್ನು ದಾಟಿ ಹೋಗ್ತೇನೆ, ಸಂಜೆ ದಾಟಿ ಬರ್ತೇನೆ. ಅವಳನ್ನು ಎತ್ತಿಕೊಂಡು ಹೋದದ್ದು ನಾನು. ನೀನಲ್ಲ."

ಅದು ಅವರ ಬಾಯಿಂದ ಮೊದಲ ಸಲ ಬಂದದ್ದು. ಎದ್ದು ಹೋಗಿ ಪಕ್ಕದಲ್ಲಿ ಕೂರಬೇಕಿತ್ತು, ಕೂರಲಿಲ್ಲ. ಒಂದೇ ಮನೆಯಲ್ಲಿ ಒಂದೇ ದುಃಖ ಇಟ್ಟುಕೊಂಡು ಇಬ್ಬರೂ ಎರಡು ಕಡೆಗೆ ಎಳೆಯುತ್ತಿದ್ದೆವು. ಅಡುಗೆಮನೆಗೆ ಹೋಗಿ ಚಾ ಮಾಡಿ ತಂದು ಕೊಟ್ಟೆ. ಕುಡಿದರು.

ಮಾರನೆಯ ದಿನ ಅಕ್ಕ ಬಂದರು. ಅವರಿಗೂ ವಾಟ್ಸ್ಯಾಪಿನ ವಿಷಯ ಗೊತ್ತಿತ್ತು. ಮೆಟ್ಟಿಲಲ್ಲಿ ನನ್ನ ಪಕ್ಕ ಕೂತು ಹೂಗಳನ್ನು ನೋಡಿದರು. ಚಂದ ಉಂಟು ಎಂದರು. ಆದರೂ ಇದೆಲ್ಲ ಯಾಕೆ ಮಗಾ ಎಂದರು. ಅವರಿಗೆ ಮಾತ್ರ ಹೇಳಿದೆ. ಕೆಡ್ಡಸದ ಮೂರನೆಯ ದಿನ ಎಣ್ಣೆ ಹೊಯ್ಯಲಿಲ್ಲ, ಆಮೇಲೂ ಹೊಯ್ಯಲಿಲ್ಲ, ತಟ್ಟೆ ಹಾಗೇ ಕಪಾಟಿನ ಕೆಳಗೆ ಉಂಟು ಎಂದೆ. ಯಾಕೆ ಎಂಬುದನ್ನೂ ಹೇಳಿದೆ. ಬೇರೆ ಯಾರಿಗೆ ಹೇಳಿದರೂ ಅರ್ಥವಾಗುವ ಮಾತಲ್ಲ ಅದು. ಗಂಡನಿಗೆ ಹೇಳಿದರೂ ಅರ್ಧ ಅರ್ಥವಾಗುತ್ತಿತ್ತು.

ಅಕ್ಕನಿಗೆ ಪೂರ್ತಿ ಅರ್ಥವಾಯಿತು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. "ಅಯ್ಯೋ ದೇವರೇ, ಇಷ್ಟು ದಿನ ಮೀಯದೆ ಇದ್ದಾಳಾ ಅವಳು," ಎಂದರು. ನನ್ನ ತಲೆ ಸವರಿದರು. ನನ್ನ ಜೀವನದಲ್ಲಿ ಅಷ್ಟು ಹಗುರವಾದ ಮಧ್ಯಾಹ್ನ ಬಹಳ ಕಾಲದಿಂದ ಇರಲಿಲ್ಲ. ಒಬ್ಬರಿಗಾದರೂ ತಿಳಿಯಿತಲ್ಲ ಎಂದು ಆ ದಿನ ಎರಡು ತುತ್ತು ಹೆಚ್ಚು ಉಂಡೆ.

ಅವರು ಅತ್ತದ್ದು ಯಾರಿಗಾಗಿ ಎಂದು ಆಗ ನಾನು ಯೋಚಿಸಲಿಲ್ಲ.

ಆ ವಾರ ನನಗೆ ಆಸ್ಪತ್ರೆಯಲ್ಲಿ ತಪಾಸಣೆ ಇತ್ತು. ಗಂಡ ರಜೆ ಹಾಕಿ ಕರೆದುಕೊಂಡು ಹೋದರು. ಗಾಯ ಚೆನ್ನಾಗಿ ಮಾಗಿದೆ, ಇನ್ನು ಬರಬೇಕಾಗಿಲ್ಲ ಎಂದು ಡಾಕ್ಟರು ಹೇಳಿದರು. ಹಿಂದೆ ಬರುವಾಗ ಗಂಡ ಕಾರನ್ನು ಒಂದು ಹೋಟೆಲಿಗೆ ತಿರುಗಿಸಿ ಮಸಾಲೆ ದೋಸೆ ಕೊಡಿಸಿದರು. ಅವರು ಸಾಮಾನ್ಯವಾಗಿ ಹಾಗೆ ಮಾಡುವವರಲ್ಲ. ಸಮಯ ಕಳೆಯುತ್ತಿದ್ದಾರೆ ಎಂದು ನನಗೆ ಹೊಳೆಯಲಿಲ್ಲ.

ನಮ್ಮ ಬೀದಿಗೆ ತಿರುಗಿದಾಗ ಮೊದಲು ಬಂದದ್ದು ವಾಸನೆ. ಕತ್ತರಿಸಿದ ಹಸಿ ಹುಲ್ಲು, ಅದರ ಮೇಲೆ ತೆಂಗಿನೆಣ್ಣೆ, ಸೀಗೆ. ಮನೆಯ ಮುಂದೆ ಅಕ್ಕ ನಿಂತಿದ್ದರು, ಮಿಂದು, ಒಳ್ಳೆಯ ಸೀರೆಯುಟ್ಟು, ತಲೆಗೆ ಮಲ್ಲಿಗೆ ಮುಡಿದು. ಲಾನ್ ಎದುರು ಮನೆಯ ಲಾನಿನ ಹಾಗೆಯೇ ಚಪ್ಪಟೆಯಾಗಿತ್ತು. ಅಂಚಿನಲ್ಲಿ ಅರಸಿನ ಕುಂಕುಮದ ಗುರುತು, ವೀಳ್ಯದೆಲೆ, ಒಂದು ಬಾಚಣಿಗೆ, ಕನ್ನಡಿ. ನೆಲ ನೆನೆದಿತ್ತು.

"ಮೀಯಿಸಿದೆ ಮಗಾ," ಎಂದರು ಅಕ್ಕ. ಕಣ್ಣಲ್ಲಿ ನೀರಿತ್ತು, ಮುಖ ಅರಳಿತ್ತು. "ನಿನ್ನ ಲೆಕ್ಕದಲ್ಲಿ ನಾನೇ ಎಣ್ಣೆ ಹೊಯ್ದೆ. ಎಲ್ಲ ಕ್ರಮದಲ್ಲೇ ಮಾಡಿದ್ದೇನೆ, ಒಂದೂ ಬಿಟ್ಟಿಲ್ಲ. ಅವಳು ಮಿಂದ ಮೇಲೆಯೇ ಮೆಷಿನ್ ಮುಟ್ಟಿಸಿದ್ದು, ನೋವಾಗಿರ್ಲಿಕ್ಕಿಲ್ಲ. ಇನ್ನು ಅವಳಿಗೂ ನೆಮ್ಮದಿ, ನಿನಗೂ."

ನಾನು ಗಂಡನ ಕಡೆ ನೋಡಿದೆ. ಅವರು ಕಾರಿನ ಬೀಗದ ಕೈ ನೋಡುತ್ತಿದ್ದರು.

ಬೈಯಬೇಕಿತ್ತು. ಕಾಲನಿಯ ಆಫೀಸಿನವರು ಕಡಿಸಿದ್ದರೆ ಬೈಯುತ್ತಿದ್ದೆ, ಎದುರು ಮನೆಯಾಕೆಯ ನಾಯಿಯನ್ನೂ ಸೇರಿಸಿ ಬೈಯುತ್ತಿದ್ದೆ. ಇದನ್ನು ಮಾಡಿದ್ದು ನನ್ನ ಮಾತು ಪೂರ್ತಿ ತಿಳಿದವರು. ತಿಳಿದದ್ದರಿಂದಲೇ ಮಾಡಿದ್ದು. ಕೆಡ್ಡಸ ಗೊತ್ತಿಲ್ಲದವರಿಗೆ ಇದು ಹೊಳೆಯುತ್ತಲೂ ಇರಲಿಲ್ಲ. ಆಫೀಸಿನವರಾದರೆ ಹೂ ಮಾತ್ರ ಕಡಿಯುತ್ತಿದ್ದರು, ಕೆಡ್ಡಸ ಮುಗಿಸುವುದು ಅವರ ಕೈಯಲ್ಲಿ ಆಗುತ್ತಿರಲಿಲ್ಲ. ನನ್ನ ಬದಲು ಇನ್ನೊಬ್ಬರು ಎಣ್ಣೆ ಹೊಯ್ದರೆ ಸಾಕು ಎಂಬುದು ನಮ್ಮವರಿಗೆ ಮಾತ್ರ ಗೊತ್ತಿರುವ ಉಪಾಯ. ಆಸ್ಪತ್ರೆಯಲ್ಲೂ ಹಾಗೆಯೇ ಆಗಿತ್ತು. ನಾನು ಕಣ್ಣು ಬಿಡುವಷ್ಟರಲ್ಲಿ ಎಲ್ಲ ಮುಗಿದಿತ್ತು, ಎಲ್ಲರೂ ನನ್ನ ಒಳ್ಳೆಯದಕ್ಕೇ ಮಾಡಿದ್ದರು.

ಅಕ್ಕ ತಟ್ಟೆಯಿಂದ ಕುಂಕುಮ ತೆಗೆದು ನನ್ನ ಹಣೆಗೆ ಇಟ್ಟರು. ಇಡಿಸಿಕೊಂಡೆ. ಹೂಗಳೆಲ್ಲಿ ಎಂದು ಕೇಳಿದೆ. ಲಾನಿನವನು ಕರಿ ಚೀಲಕ್ಕೆ ತುಂಬಿ ಗಾಡಿಗೆ ಹಾಕಿದ್ದ, ಗಾಡಿ ಹೋಗಿಯಾಗಿತ್ತು. ಬಿಡು ಮಗಾ, ಕಳೆ ಅದು ಎಂದರು ಅಕ್ಕ. ಹೌದು, ಕಳೆಯೇ. ನಾನು ಒಳಗೆ ಹೋಗಿ ಕಪಾಟಿನ ಕೆಳಗಿನ ನನ್ನ ತಟ್ಟೆ ತೆಗೆದೆ. ಸೀಗೆಪುಡಿ ಗಟ್ಟಿಯಾಗಿತ್ತು. ಎಣ್ಣೆಯಲ್ಲಿ ಇರುವೆ ಸತ್ತಿದ್ದವು. ಸಿಂಕಿಗೆ ಚೆಲ್ಲಿ ಗಿಂಡಿ ತಿಕ್ಕಿ ತೊಳೆದೆ.

ಗಂಡ ಆ ರಾತ್ರಿ ಚೆನ್ನಾಗಿ ನಿದ್ರೆ ಮಾಡಿದರು. ಎಷ್ಟೋ ತಿಂಗಳ ಮೇಲೆ ಅವರ ಗೊರಕೆ ಕೇಳಿದೆ. ಅದನ್ನು ಕೇಳಿ ಸಂತೋಷವಾಗಬೇಕಿತ್ತು, ಆಗಲಿಲ್ಲ. ಅವರನ್ನು ದ್ವೇಷಿಸಲೂ ಆಗಲಿಲ್ಲ. ಎತ್ತಿಕೊಂಡು ಹೋದವರು ಅವರು ಎಂಬುದು ನನ್ನ ಕಿವಿಯಲ್ಲಿ ಇತ್ತು.

ಕರಾರು ಮುಂದುವರಿಯಿತು. ವಾಟ್ಸ್ಯಾಪ್ ಗುಂಪಿನಲ್ಲಿ ಎದುರು ಮನೆಯಾಕೆ ಹೆಬ್ಬೆರಳು ಎತ್ತಿದ ಚಿತ್ರ ಹಾಕಿದಳು. ಬೇಸಗೆ ಬಂತು, ಹೋಯಿತು. ಅಕ್ಕ ಈಗಲೂ ಬರುತ್ತಾರೆ, ಬಟಾಣಿ ಸುಲಿಯುತ್ತಾರೆ. ನಾನೂ ಸುಲಿಯುತ್ತೇನೆ. ಹೇಳುವುದೇನಿದ್ದರೂ ಅವರಿಗೆ ಹೇಳುವುದಿಲ್ಲ. ಅವರು ನನ್ನನ್ನು ಗುಣವಾದವಳು ಎಂದುಕೊಂಡಿದ್ದಾರೆ. ಈ ವರ್ಷ ಬೇಗ ಬೇಗ ನಗುವುದನ್ನೂ ಕಲಿತಿದ್ದೇನೆ, ಅದು ಕಷ್ಟವೇನಲ್ಲ.

ಮೊನ್ನೆ ಮತ್ತೆ ಕೆಡ್ಡಸ ಬಂತು. ಬೆಳಿಗ್ಗೆ ಬಾಗಿಲಲ್ಲಿ ನನ್ಯೆರಿಯ ಡಬ್ಬಿ ಇತ್ತು. ಅಕ್ಕ ಎಲ್ಲಿಗೋ ಹೋಗುವ ಅವಸರದಲ್ಲಿ ಇಟ್ಟು ಹೋಗಿದ್ದರು. ಸ್ವಲ್ಪ ಹೊತ್ತಿನಲ್ಲಿ ಲಾನಿನವನು ಬಂದ. ನಮ್ಮ ಗೇಟಿನ ಹತ್ತಿರ ಯಂತ್ರ ನಿಲ್ಲಿಸಿ ನನ್ನನ್ನು ಕರೆದ. ಹಿಂದಿನ ಸಾಲಿನ ಮೇಡಂ ಇವತ್ತು ಪೂಜೆ, ಕತ್ತರಿಸಬೇಡ ಎಂದು ಅವರ ಮನೆಯಲ್ಲಿ ವಾಪಸು ಕಳಿಸಿದರಂತೆ. ಹೋದ ವರ್ಷ ನಾನೂ ಹಾಗೇ ಹೇಳಿದ್ದು ಅವನಿಗೆ ನೆನಪಿತ್ತು.

"ಆಜ್ ನಹೀ ಕಾಟ್ನಾ, ಮೇಡಂ?" ಎಂದ.

ಹುಲ್ಲಿನ ನಡುವೆ ಆ ಬಿಳಿ ಹೂ ಎರಡೋ ಮೂರೋ ಎದ್ದಿದ್ದವು. ಹುಳಿಸೊಪ್ಪು ಇತ್ತು. ಭೂಮಿಗೆ ಮುಟ್ಟು ಬಂದಿತ್ತು, ಹೋದ ವರ್ಷದ ಹಾಗೆಯೇ, ತಪ್ಪದೆ.

"ಕಾಟೋ," ಎಂದೆ. ಇಲ್ಲಿಯವರು ಅವಸರಪಡಿಸುವ ಹಾಗೆ, "ಯಲ್ಲಾ, ಕಾಟೋ."

ಗೇಟು ತೆರೆದು ಕೊಟ್ಟು ಮೆಟ್ಟಿಲ ಮೇಲೆ ನಿಂತೆ. ಯಂತ್ರ ಆ ತುದಿಯಿಂದ ಈ ತುದಿಗೆ ಹೋಯಿತು, ತಿರುಗಿ ಬಂತು. ಹೂಗಳ ಮೇಲೆ ಹೋಗುವಾಗ ಸದ್ದು ಕೂಡ ಬದಲಾಗಲಿಲ್ಲ. ಅವನು ಚೀಲ ಕಟ್ಟಿ ಪಕ್ಕದ ಮನೆಗೆ ಹೋದ ಮೇಲೆ ನಾನು ಕೆಳಗಿಳಿದು ಲಾನಿನ ನಡುವೆ ಕೂತು, ಬೆರಳಿನಿಂದ ನೆಲ ಕೆದಕಿದೆ. ಒಂದಿಷ್ಟು ಆಳಕ್ಕೆ ಹೋದೆ. ಉಗುರಿನೊಳಗೆ ತುಂಬಿದ್ದು ತಂದು ಹಾಕಿದ ಮಣ್ಣು, ಅದರ ಕೆಳಗೆ ಬಿಳಿ ಮರಳು.

ಗುಂಡಿ ಮುಚ್ಚಿದೆ. ಅಂಗೈಗೆ ಹುಲ್ಲಿನ ಹಸಿರು ಮೆತ್ತಿತ್ತು. ಒಳಗೆ ಬಂದು ಸೋಪು ಹಾಕಿ ತೊಳೆದುಕೊಂಡೆ.